17ಕ್ಕೆ ನಿಲ್ಲಿಸಿಬಿಡುವುದೇ? ದೂರದ ಓಟದ ಹುಡುಗಿಯ ಮುಂದಿನ ದಾರಿ

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಾವು ವಿರಾಜಪೇಟೆ ಕಡೆಯವರು. ನನ್ನ ಮಗಳಿಗೆ ಈಗ 17 ವರ್ಷ, ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. 8ನೇ ತರಗತಿಯಿಂದ 3000 ಮೀಟರ್ ಓಡುತ್ತಿದ್ದಾಳೆ, ಕಳೆದ ವರ್ಷದಿಂದ 5000 ಮೀಟರನ್ನೂ ಓಡುತ್ತಿದ್ದಾಳೆ. ಜಿಲ್ಲಾ ಮಟ್ಟದಲ್ಲಿ ಎರಡು ಸಲ ಮೊದಲಿಗಳಾಗಿ ರಾಜ್ಯ ಮಟ್ಟಕ್ಕೆ ಹೋದಳು, ಅಲ್ಲಿ ಪದಕ ಸಿಗಲಿಲ್ಲ. ಊರಿನ ಶಾಲಾ ಮೈದಾನದಲ್ಲಿ ಒಂದು ಸುತ್ತು 200 ಮೀಟರ್, ಆದ್ದರಿಂದ 5000 ಮೀಟರಿಗೆ 25 ಸುತ್ತು ಓಡಬೇಕು. ಎಣಿಕೆ ತಪ್ಪಬಾರದೆಂದು ನಾನು ಎಡಗೈಯಲ್ಲಿ 25 ಕಾಫಿ ಬೀಜ ಹಿಡಿದು ನಿಲ್ಲುತ್ತೇನೆ. ಅವಳು ನನ್ನ ಮುಂದೆ ಹಾದುಹೋದಾಗಲೆಲ್ಲ ಒಂದು ಬೀಜ ಬಲಗೈಗೆ ಬರುತ್ತದೆ. ಕೊನೆಯ ಐದು ಬೀಜ ಉಳಿದಾಗ ಅವಳ ಉಸಿರಿನ ಸದ್ದು ಬದಲಾಗುವುದು ಕಣ್ಣು ಮುಚ್ಚಿದರೂ ನನಗೆ ತಿಳಿಯುತ್ತದೆ.

ಈಗ ಮನೆಯಲ್ಲಿ ಎರಡು ಮಾತು ನಡೆಯುತ್ತಿದೆ. ರಾಜ್ಯ ಮಟ್ಟದಲ್ಲಿ ಪದಕ ಬಾರದ ಮೇಲೆ ಇನ್ನು ಓಟ ಸಾಕು, ಸಿಇಟಿಗೆ ಕೂತು ಓದಲಿ ಎಂದು ಅವಳ ದೊಡ್ಡಪ್ಪ ಹೇಳುತ್ತಾರೆ. ಇಷ್ಟು ಓಡಿದರೆ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಎಂದು ನಮ್ಮ ಅತ್ತೆಯವರ ಭಯ. ಮಗಳು ಮಾತ್ರ ಏನೂ ಹೇಳದೆ ಬೆಳಿಗ್ಗೆ ಐದೂವರೆಗೆ ಶೂ ಕಟ್ಟಿಕೊಂಡು ಜಗುಲಿಯಲ್ಲಿ ಕೂರುತ್ತಾಳೆ. ದೂರದ ಓಟದಲ್ಲಿ ಒಬ್ಬ ಹೆಣ್ಣುಮಗಳ ಬದುಕು ಹೇಗೆ ಸಾಗುತ್ತದೆ, ಯಾವ ವಯಸ್ಸಿನಲ್ಲಿ ಏನನ್ನು ನಿರೀಕ್ಷಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ. ನಿಲ್ಲಿಸುವುದಾದರೂ ಸರಿ, ತಿಳಿದು ನಿಲ್ಲಿಸಬೇಕು ಎನ್ನುವುದು ನನ್ನ ಆಸೆ.

ಹಳೆಯ ಸೀಟಿ:

ಅಮ್ಮ, ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾದವನು. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು 17 ಎಂಬ ಅಂಕಿ. ನೂರು ಮೀಟರಿನ ಹುಡುಗಿಯಾಗಿದ್ದರೆ ಈ ವಯಸ್ಸಿನಲ್ಲಿ ಅವಳ ವೇಗದ ಒಂದು ಅಂದಾಜು ಸಿಕ್ಕಿರುತ್ತದೆ. 5000 ಮೀಟರಿನ ಹುಡುಗಿಯ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ, ಏಕೆಂದರೆ ದೂರದ ಓಟಕ್ಕೆ ಬೇಕಾದ ಹೃದಯ, ಸ್ನಾಯು, ಎಲುಬುಗಳ ತಾಳಿಕೆ ವರ್ಷಾನುಗಟ್ಟಲೆ ಓಡಿಯೇ ಕೂಡಿಬರಬೇಕು.

ನಮ್ಮ ಗಡಿಯಾಚೆಯ ಉದಾಹರಣೆಯನ್ನೇ ನೋಡಿ. ಓ.ಪಿ. ಜೈಶಾ ವಯನಾಡಿನವರು. ಕುಟ್ಟ ದಾಟಿದರೆ ಅವರ ಜಿಲ್ಲೆ, ಅಲ್ಲಿಯೂ ಇದೇ ಮಳೆ, ಇದೇ ಕಾಫಿ ತೋಟ. 1983ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಆಕೆ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 5000 ಮೀಟರ್ ಕಂಚು ಗೆದ್ದರು. ಎಂಟು ವರ್ಷಗಳ ನಂತರ, 2014ರ ಇಂಚಿಯಾನ್ ಕೂಟದಲ್ಲಿ 1500 ಮೀಟರ್ ಕಂಚು ಬಂತು. ಅಷ್ಟು ಹೊತ್ತಿಗೆ ಅವರಿಗೆ 31 ವರ್ಷ, ಇನ್ನು ಮುಗಿಯಿತು ಎಂದು ಜನ ಮಾತಾಡುವ ವಯಸ್ಸು. 2015ರ ಜನವರಿಯಲ್ಲಿ ಮುಂಬೈ ಮ್ಯಾರಥಾನನ್ನು 2 ಗಂಟೆ 37 ನಿಮಿಷ 29 ಸೆಕೆಂಡುಗಳಲ್ಲಿ ಓಡಿ 19 ವರ್ಷ ಹಳೆಯ ರಾಷ್ಟ್ರೀಯ ದಾಖಲೆಯನ್ನು ಮುರಿದರು. ಅದೇ ಆಗಸ್ಟ್‌ನಲ್ಲಿ ಬೀಜಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 2:34:43ಕ್ಕೆ ಓಡಿ 18ನೆಯವರಾಗಿ ತಮ್ಮದೇ ದಾಖಲೆಯನ್ನು ಸುಮಾರು ಮೂರು ನಿಮಿಷ ಕೆಳಗಿಳಿಸಿದರು. ನಿಮ್ಮ ಮಗಳ ಈಗಿನ ವಯಸ್ಸಿಗೆ ಇನ್ನೂ 15 ವರ್ಷ ಕೂಡಿಸಿದರೆ ಆ ದಿನ ಜೈಶಾ ಅವರಿಗಿದ್ದ ವಯಸ್ಸು ಬರುತ್ತದೆ.

ಪ್ರೀಜಾ ಶ್ರೀಧರನ್ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 10,000 ಮೀಟರ್ ಚಿನ್ನ ಗೆದ್ದಾಗ 28 ವರ್ಷ. ಪಾರುಲ್ ಚೌಧರಿ 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 5000 ಮೀಟರ್ ಚಿನ್ನ ಗೆದ್ದಾಗಲೂ 28. ರಾಜ್ಯ ಮಟ್ಟದಲ್ಲಿ ಈ ವರ್ಷ ಪದಕ ಬರಲಿಲ್ಲ ಎನ್ನುವುದರಿಂದ ಏನನ್ನೂ ತೀರ್ಮಾನಿಸಬೇಡಿ.

ಕಕ್ಕಬ್ಬೆ ಮಳೆ:

ಮೇಷ್ಟ್ರ ಮಾತಿಗೆ ನನ್ನ ಸಹಮತವಿದೆ. ಆ ಕಾಫಿ ಬೀಜದ ಎಣಿಕೆಯನ್ನು ಓದಿ ಕಣ್ಣು ತುಂಬಿತು, ಅಕ್ಕ.

ಪೊನ್ನಂಪೇಟೆ ಬೆಳೆಗಾರ:

ಮೇಷ್ಟ್ರೇ, ತಮ್ಮ ಅನುಭವದ ಬಗ್ಗೆ ಗೌರವವಿಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಗೆದ್ದವರ ಹೆಸರು ನಮಗೆ ಗೊತ್ತಿರುತ್ತದೆ, ಗೆಲ್ಲದೆ ಮನೆಗೆ ಮರಳಿದವರ ಲೆಕ್ಕವನ್ನು ಯಾರಿಡುತ್ತಾರೆ? ನನ್ನ ಅಕ್ಕನ ಮಗಳು 22ರವರೆಗೆ ಓಡಿದಳು. ಪದವಿಯ ಎರಡು ವರ್ಷ ಕ್ರೀಡಾಕೂಟಗಳಲ್ಲೇ ಕಳೆಯಿತು, ಪರೀಕ್ಷೆಗಳು ಉಳಿದುಕೊಂಡವು, ಕೊನೆಗೆ ಮೊಣಕಾಲು ನೋವು ಬಂದು ಓಟವೂ ನಿಂತಿತು. ಆ ಮಗು ಆಮೇಲೆ ಮೂರು ವರ್ಷ ಯಾರ ಮದುವೆಗೂ ಬರಲಿಲ್ಲ, ಏಕೆಂದರೆ ಹೋದಲ್ಲೆಲ್ಲ ಜನ ಓಟದ ವಿಷಯವನ್ನೇ ಕೇಳುತ್ತಿದ್ದರು. ತೋಟದಮನೆಯ ತಂಗಿಗೆ ನಾನು ಹೇಳುವುದಿಷ್ಟೇ: ಓಡಲಿ, ಸಂತೋಷ, ಆದರೆ ಓದನ್ನು ಬಿಟ್ಟು ಓಡುವುದು ಬೇಡ. 15 ವರ್ಷ ಕಾಯಬೇಕಾದ ಫಸಲನ್ನು ನಂಬಿ ಮನೆ ನಡೆಸಲು ಎಲ್ಲರಿಗೂ ಆಗುವುದಿಲ್ಲ.

ಹಳೆಯ ಸೀಟಿ:

ಓದನ್ನು ಬಿಡಲಿ ಎಂದು ನಾನು ಎಲ್ಲಿಯೂ ಹೇಳಿಲ್ಲ, ಅಣ್ಣ. ನಿಮ್ಮ ಅಕ್ಕನ ಮಗಳ ವಿಷಯ ಓದಿ ನೋವಾಯಿತು. ಆದರೆ ಅವಳ ಪರೀಕ್ಷೆಗಳು ಉಳಿದದ್ದು ಓಟದಿಂದಲೋ, ಹಾಜರಾತಿಗೆ ಅವಕಾಶ ಮಾಡಿಕೊಡದ ಕಾಲೇಜಿನಿಂದಲೋ ಎನ್ನುವುದನ್ನೂ ಕೇಳಬೇಕು. ಮೂಡುಬಿದಿರೆಯ ಆಳ್ವಾಸ್‌ನಂತಹ ಕಡೆ ಓಟಗಾರರಿಗೆ ಊಟ, ವಸತಿ, ಓದು, ತರಬೇತಿ ಎಲ್ಲವೂ ಒಂದೇ ಆವರಣದಲ್ಲಿ ಸಿಗುತ್ತದೆ. ಮಂಗಳೂರು ವಿಶ್ವವಿದ್ಯಾಲಯ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮತ್ತೆ ಮತ್ತೆ ಮೇಲೆ ಬರುವುದಕ್ಕೆ ಅಲ್ಲಿನ ಮಕ್ಕಳೇ ಕಾರಣ. ಓದು ಬೇಕೇ ಓಟ ಬೇಕೇ ಎಂಬ ಪ್ರಶ್ನೆ ಏಳುವುದು ಎರಡಕ್ಕೂ ಜಾಗವಿಲ್ಲದ ಕಡೆ ಮಗುವನ್ನು ಸೇರಿಸಿದಾಗ.

ಮೈಸೂರು ರೈಲು:

ನಾನು ಸೋಮವಾರಪೇಟೆ ಕಡೆಯವಳು, ಈಗ ಮೈಸೂರಿನಲ್ಲಿ ರೈಲ್ವೆ ನೌಕರಿಯಲ್ಲಿದ್ದೇನೆ. ಕ್ರೀಡಾ ಕೋಟಾದಲ್ಲಿ ಈ ಕೆಲಸ ಸಿಕ್ಕಿತು, ಆದ್ದರಿಂದ ಬೆಳೆಗಾರ ಅಣ್ಣನವರ ಚಿಂತೆಗೆ ಮೊದಲು ಉತ್ತರಿಸುತ್ತೇನೆ. ದೂರದ ಓಟದಿಂದ ಅನ್ನ ಹುಟ್ಟುವುದು ಬಹುಮಾನದ ಹಣದಿಂದಲ್ಲ, ರೈಲ್ವೆ, ಪೊಲೀಸ್, ಸೇನೆಗಳ ನೌಕರಿಯಿಂದ. ಜೈಶಾ, ಪ್ರೀಜಾ ಇಬ್ಬರೂ ರೈಲ್ವೆಯವರೇ. ಹಾಂಗ್‌ಝೌ ಓಟದ ಕೊನೆಯ 50 ಮೀಟರಿನಲ್ಲಿ, ಚಿನ್ನ ಗೆದ್ದರೆ ಉತ್ತರ ಪ್ರದೇಶ ಪೊಲೀಸಿನಲ್ಲಿ ಡಿಎಸ್‌ಪಿ ಹುದ್ದೆ ಸಿಗುತ್ತದೆ ಎಂಬುದು ತನ್ನ ತಲೆಯಲ್ಲಿತ್ತು ಎಂದು ಪಾರುಲ್ ಚೌಧರಿ ಬಾಯಿಬಿಟ್ಟು ಹೇಳಿದ್ದಾರೆ. ಹಿಂದಿನ ದಿನವಷ್ಟೇ ಸ್ಟೀಪಲ್‌ಚೇಸ್ (ಬೇಲಿ, ನೀರಿನ ಹೊಂಡ ಹಾರುತ್ತ ಓಡುವ ಓಟ) ಓಡಿ ಬೆಳ್ಳಿ ಗೆದ್ದಿದ್ದ ಕಾಲುಗಳು ಅವು. ಜಪಾನಿನ ಓಟಗಾರ್ತಿಯನ್ನು ಹಿಂದಿಕ್ಕಿದ ಆ ಕೊನೆಯ ಹೆಜ್ಜೆಗಳಲ್ಲಿ ಒಂದು ಕುಟುಂಬದ ಭದ್ರತೆಯ ಆಸೆಯೂ ಇತ್ತೆಂದರೆ ನನಗೆ ಅದು ಪೂರ್ತಿ ಅರ್ಥವಾಗುತ್ತದೆ.

ಆದರೆ ಅಕ್ಕ, ನಾನು ಬರೆಯಬೇಕೆಂದು ಕೂತದ್ದು ಬೇರೆ ವಿಷಯ. ನನಗೆ 19 ವರ್ಷವಾಗಿದ್ದಾಗ ಒಂದು ತರಬೇತಿ ಕೇಂದ್ರದಲ್ಲಿದ್ದೆ. ಸಣ್ಣಗಿದ್ದಷ್ಟೂ ವೇಗ ಹೆಚ್ಚು ಎಂದು ಅಲ್ಲಿ ಹೇಳುತ್ತಿದ್ದರು. ಪ್ರತಿ ಸೋಮವಾರ ಎಲ್ಲರ ಎದುರಿಗೆ ತೂಕ ನೋಡುತ್ತಿದ್ದರು, ಅರ್ಧ ಕೆ.ಜಿ. ಹೆಚ್ಚಿದ್ದರೆ ರಾತ್ರಿಯ ಅನ್ನ ಕಡಿಮೆ. ನನ್ನ ಮುಟ್ಟು ನಿಂತಿತು. ನಾಲ್ಕು ತಿಂಗಳಾದ ಮೇಲೆ ಹೆದರಿ ತರಬೇತುದಾರರಿಗೆ ಹೇಳಿದಾಗ, ಅದು ತರಬೇತಿ ಚೆನ್ನಾಗಿ ನಡೆಯುತ್ತಿರುವ ಲಕ್ಷಣ ಎಂಬ ಉತ್ತರ ಬಂತು. ನಾನು ನಂಬಿದೆ, ಏಕೆಂದರೆ ಆ ದಿನಗಳಲ್ಲಿ ನನ್ನ ಸಮಯವೂ ಇಳಿಯುತ್ತಿತ್ತು. ಆರನೆಯ ತಿಂಗಳಲ್ಲಿ ಬಲಗಾಲಿನ ಮುಂಗಾಲೆಲುಬಿನ ಮೇಲೆ ಹೆಬ್ಬೆರಳಿನಷ್ಟು ಜಾಗದಲ್ಲಿ ನೋವು ಶುರುವಾಯಿತು. ಒತ್ತಿದರೆ ಜೀವ ಹೋಗುವಂತಹ ನೋವು, ಓಡುವಾಗ ಮೊದಲ ಎರಡು ಸುತ್ತು ಕಾಣಿಸಿಕೊಂಡು ಆಮೇಲೆ ಮರೆಯಾಗುತ್ತಿತ್ತು. ಮರೆಯಾಗುತ್ತದಲ್ಲ ಎಂದು ಓಡಿಕೊಂಡೇ ಇದ್ದೆ. ಒಂದು ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟಾಗಲೇ ನಿಲ್ಲಲಾಗಲಿಲ್ಲ. ಎಲುಬು ಸೀಳಿತ್ತು.

ಅದಕ್ಕೆ ಒಂದು ಹೆಸರಿದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. ತಿನ್ನುವುದು ಓಡುವುದಕ್ಕೆ ಸಾಲದಿದ್ದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಈಸ್ಟ್ರೊಜೆನ್ ಇಳಿಯುತ್ತದೆ, ಅದರ ಹಿಂದೆಯೇ ಎಲುಬು ತೆಳುವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ ರೆಡ್-ಎಸ್ ಎಂದು ಹೆಸರಿಟ್ಟರು. ಎರಡು ವರ್ಷ ಮನೆಯಲ್ಲಿದ್ದೆ. ಅವ್ವ ಹಾಕಿದ ಅಕ್ಕಿ ರೊಟ್ಟಿ, ತುಪ್ಪ, ಮೊಟ್ಟೆಗಳಿಂದ ಮುಟ್ಟು ಮರಳಿತು, ಎಲುಬು ಕೂಡಿತು, ಮತ್ತೆ ಓಡಿದೆ, ನೌಕರಿಯೂ ಬಂತು. ನನ್ನ ಜೊತೆ ಆ ಕೇಂದ್ರದಲ್ಲಿದ್ದ ಇನ್ನಿಬ್ಬರು ಮರಳಿ ಬರಲೇ ಇಲ್ಲ.

ಆದ್ದರಿಂದ ಮಗಳ ಓಟದ ಸಮಯ ಬರೆಯುವ ಪುಸ್ತಕದಲ್ಲೇ ಅವಳ ಮುಟ್ಟಿನ ದಿನಾಂಕವನ್ನೂ ಬರೆಯಿರಿ. ಎರಡೂ ಅಷ್ಟೇ ಮುಖ್ಯ.

ಪೊನ್ನಂಪೇಟೆ ಬೆಳೆಗಾರ:

ತಂಗಿ, ಇದನ್ನು ಓದಿದ ಮೇಲೆ ನನ್ನ ಅಕ್ಕನ ಮಗಳ ಮೊಣಕಾಲಿನ ಹಿಂದೆಯೂ ಇಂಥದ್ದೇ ಏನಾದರೂ ಇತ್ತೇ ಎಂಬ ಯೋಚನೆ ಬಂದಿದೆ. ನಾವು ಯಾರೂ ಕೇಳಲಿಲ್ಲ. ಗಂಡಸರಾದ ನಮಗೆ ಅದನ್ನು ಕೇಳಬೇಕೆಂದೇ ತಿಳಿದಿರಲಿಲ್ಲ.

ಕುಶಾಲನಗರ ಶುಶ್ರೂಷಕಿ:

ಮೈಸೂರಿನ ಅಕ್ಕ ಹೇಳಿದ ಮಾತಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಾಗಿ ಒಂದನ್ನು ಸೇರಿಸುತ್ತೇನೆ. ಮುಟ್ಟಿನಲ್ಲಿ ಹೋಗುವ ರಕ್ತ, ಬೆವರು, ಅಂಗಾಲು ನೆಲಕ್ಕೆ ಬಡಿಯುವಾಗ ಒಡೆಯುವ ಕೆಂಪು ರಕ್ತಕಣಗಳು, ಈ ಎಲ್ಲದರಿಂದ ದೂರ ಓಡುವ ಹುಡುಗಿಯರಲ್ಲಿ ಕಬ್ಬಿಣದ ಅಂಶ ಬೇಗ ಕಡಿಮೆಯಾಗುತ್ತದೆ. ಹಿಮೋಗ್ಲೋಬಿನ್ ಮಾತ್ರ ನೋಡಿ ಸರಿಯಿದೆ ಎಂದು ಸುಮ್ಮನಾಗಬೇಡಿ, ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಹಿಮೋಗ್ಲೋಬಿನ್ ಸರಿಯಾಗಿದ್ದೂ ದೇಹದಲ್ಲಿ ಕೂಡಿಟ್ಟ ಕಬ್ಬಿಣ ಬರಿದಾಗಿರಬಹುದು. ಅಂತಹ ಮಗು ಓಟದ ಕೊನೆಯಲ್ಲಿ ಏಕೆ ಕುಸಿಯುತ್ತದೆ ಎಂಬುದು ಯಾರಿಗೂ ತಿಳಿಯದೆ, ಮನಸ್ಸಿಲ್ಲದೆ ಓಡುತ್ತಾಳೆ ಎಂಬ ಬೈಗುಳ ಅವಳಿಗೆ ಬೀಳುತ್ತದೆ.

ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಕಾಫಿ. ತಿಂಡಿಯ ಜೊತೆಗೆ ಕಾಫಿ ಕುಡಿದರೆ ತಿಂದ ಆಹಾರದ ಕಬ್ಬಿಣವನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಚಹಾ ಇನ್ನೂ ಹೆಚ್ಚು ತಡೆಯುತ್ತದೆ. ತಿಂಡಿಗೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ. ಸೊಪ್ಪು, ಕಾಳು, ಮಾಂಸದ ಊಟದ ಜೊತೆ ನಿಂಬೆಹಣ್ಣೋ ಕೊಡಗಿನ ಕಿತ್ತಳೆಯೋ ಇದ್ದರೆ ಒಳ್ಳೆಯದು. ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ, ಕಬ್ಬಿಣ ಹೆಚ್ಚಾದರೂ ಅಪಾಯವೇ.

ಬೆಟ್ಟದ ಗಾಳಿ:

ನಮ್ಮ ಜಿಲ್ಲೆಯ ಒಂದು ದೊಡ್ಡ ಅನುಕೂಲವನ್ನು ಯಾರೂ ಹೇಳಲಿಲ್ಲ. ಕೀನ್ಯಾ, ಇಥಿಯೋಪಿಯಾಗಳಂತೆ ನಾವೂ ಬೆಟ್ಟದ ಮೇಲಿದ್ದೇವೆ. ಎತ್ತರದ ಗಾಳಿಯಲ್ಲಿ ಓಡಿದರೆ ರಕ್ತ ಗಟ್ಟಿಯಾಗುತ್ತದೆ. ಕೊಡಗಿನ ಹುಡುಗಿಯರಿಗೆ ಹುಟ್ಟಿನಿಂದಲೇ ಆ ಲಾಭ ಇದೆ.

ಹಳೆಯ ಸೀಟಿ:

ಇದನ್ನು ತಿದ್ದಬೇಕು, ಏಕೆಂದರೆ ಈ ನಂಬಿಕೆಯಿಂದ ಮಕ್ಕಳು ಸುಮ್ಮನೆ ಕಾಯುತ್ತಾರೆ. ಮಡಿಕೇರಿ ಇರುವುದು ಸುಮಾರು 1,170 ಮೀಟರ್ ಎತ್ತರದಲ್ಲಿ. ಓಟಗಾರರ ಊರೆಂದು ಹೆಸರಾದ ಕೀನ್ಯಾದ ಇಟೆನ್ ಸುಮಾರು 2,400 ಮೀಟರಿನಲ್ಲಿದೆ. ಒಲಿಂಪಿಕ್ ಚಾಂಪಿಯನ್ನರಾದ ಡೆರಾರ್ಟು ಟುಲು, ತಿರುನೆಶ್ ಡಿಬಾಬಾ ಬೆಳೆದ ಇಥಿಯೋಪಿಯಾದ ಬೆಕೋಜಿ ಸುಮಾರು 2,800 ಮೀಟರಿನಲ್ಲಿದೆ. ಆಮ್ಲಜನಕದ ಕೊರತೆಗೆ ಉತ್ತರವಾಗಿ ದೇಹ ಹೆಚ್ಚು ಕೆಂಪು ರಕ್ತಕಣಗಳನ್ನು ತಯಾರಿಸಬೇಕಾದರೆ ಸುಮಾರು 2,000 ಮೀಟರಿಗಿಂತ ಮೇಲೆ ವಾರಗಟ್ಟಲೆ ಇರಬೇಕು. ನಮ್ಮ ತಡಿಯಂಡಮೋಳ್ ಶಿಖರವೇ 1,748 ಮೀಟರ್. ನಮ್ಮ ಓಟಗಾರರು ಎತ್ತರದ ತರಬೇತಿಗೆಂದು ಊಟಿಗೆ ಹೋಗುವುದು ಅದಕ್ಕೇ.

ನಮಗಿರುವುದು ತಂಪು ಹವೆ ಮತ್ತು ಏರುತಗ್ಗಿನ ಮಣ್ಣಿನ ದಾರಿ. ಅವೆರಡೂ ಕಡಿಮೆಯವಲ್ಲ. ಏರಿನಲ್ಲಿ ಓಡಿದ ಕಾಲಿಗೆ ಬಲ ಬರುತ್ತದೆ, ಮಣ್ಣಿನಲ್ಲಿ ಓಡಿದರೆ ಎಲುಬಿಗೆ ಪೆಟ್ಟು ಕಡಿಮೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನವೆಲ್ಲ ಕೆಸರಾಗಿ, ಜಿಗಣೆ ಶೂ ಒಳಗೆ ಹೊಕ್ಕು, ಮಕ್ಕಳ ಅಭ್ಯಾಸ ತಪ್ಪುವ ಆ ನಾಲ್ಕು ತಿಂಗಳ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬೆಟ್ಟದ ಗಾಳಿ:

ತಿದ್ದಿದ್ದಕ್ಕೆ ಧನ್ಯವಾದ ಮೇಷ್ಟ್ರೇ. ಇಷ್ಟು ವರ್ಷ ಇದನ್ನೇ ನಂಬಿಕೊಂಡಿದ್ದೆ.

ಒಕ್ಕದ ಹಾಕಿ:

ನನ್ನದೊಂದು ಪ್ರಶ್ನೆ. ಹಾಕಿಯಲ್ಲಿ ನಮ್ಮ ಜಿಲ್ಲೆಯ ಹೆಸರನ್ನು ಹೇಳಬೇಕಾಗಿಯೇ ಇಲ್ಲ. ಓಟದ ಅಂಗಳದಲ್ಲಿಯೂ ಅರ್ಜುನ ಪ್ರಶಸ್ತಿ ಪಡೆದ ಅಶ್ವಿನಿ ನಾಚಪ್ಪ ಇದ್ದಾರೆ, ಪಿ.ಟಿ. ಉಷಾ ಅವರನ್ನು ಎರಡು ಬಾರಿ ಹಿಂದಿಕ್ಕಿದವರು. ರೀತ್ ಅಬ್ರಹಾಂ, ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ನಲ್ಲಿ ಪ್ರಮೀಳಾ ಅಯ್ಯಪ್ಪ, 400 ಮೀಟರಿನಲ್ಲಿ ಎಂ.ಆರ್. ಪೂವಮ್ಮ ಇದ್ದಾರೆ. ಆದರೆ ಇವರೆಲ್ಲ ವೇಗದ ಓಟ, ಹರ್ಡಲ್ಸ್, ಜಿಗಿತದವರು. 5000, 10,000 ಮೀಟರ್ ಎಂದ ತಕ್ಷಣ ನಾಲಿಗೆಗೆ ಬರುವ ನಮ್ಮೂರಿನ ಹೆಣ್ಣುಮಗಳ ಹೆಸರು ನನಗೆ ಸಿಗುತ್ತಿಲ್ಲ. ಏಕೆ?

ನನ್ನ ಅಭಿಪ್ರಾಯ ಹೇಳುತ್ತೇನೆ. ಹಾಕಿಗೆ ಒಕ್ಕವೇ, ಅಂದರೆ ಇಡೀ ಮನೆತನವೇ ಬೆನ್ನಿಗಿದೆ. 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ ಆರಂಭವಾದಂದಿನಿಂದ ಅಜ್ಜನಿಂದ ಮೊಮ್ಮಗುವಿನವರೆಗೆ ಎಲ್ಲರೂ ಮೈದಾನದ ಸುತ್ತ ಇರುತ್ತಾರೆ. ವೇಗದ ಓಟ ಕೈಲ್‌ಪೊಳ್ದ್ ಹಬ್ಬದ ಆಟಗಳಲ್ಲೂ ಇದೆ, ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಊರೇ ನೋಡಿ ಚಪ್ಪಾಳೆ ಹೊಡೆಯುತ್ತದೆ. ದೂರದ ಓಟದ ಹುಡುಗಿ ಒಬ್ಬಳೇ ರಸ್ತೆಯಲ್ಲಿ ಓಡುತ್ತಾಳೆ. ಅವಳ ಅಭ್ಯಾಸವನ್ನು ನೋಡಲು ಯಾರೂ ಬರುವುದಿಲ್ಲ.

ಕಕ್ಕಬ್ಬೆ ಮಳೆ:

ಪ್ರಮೀಳಾ ಅವರು 2010ರ ಗುವಾಂಗ್‌ಝೌನಲ್ಲಿ ಕಂಚು ಗೆದ್ದಾಗ ತಾಯಿಯಾಗಿದ್ದರು ಎಂಬುದನ್ನು ತೋಟದಮನೆ ಅಕ್ಕ ತಮ್ಮ ಅತ್ತೆಯವರಿಗೆ ಹೇಳಲಿ.

ಮೈಸೂರು ರೈಲು:

ಒಬ್ಬಳೇ ಓಡುತ್ತಾಳೆ ಎಂಬ ಮಾತು ನಿಜ, ಆದರೆ ಒಬ್ಬಳನ್ನೇ ಓಡಲು ಬಿಡದಿರುವುದೂ ಅಷ್ಟೇ ನಿಜ. ಐದೂವರೆಗೆ ನಮ್ಮ ತೋಟದ ರಸ್ತೆಗಳಲ್ಲಿ ಆನೆ ಇರುತ್ತದೆ. ನಾನು ಓಡುತ್ತಿದ್ದ ದಿನಗಳಲ್ಲಿ ಅಪ್ಪ ಸ್ಕೂಟರಿನಲ್ಲಿ ದೀಪ ಹಾಕಿಕೊಂಡು ಹಿಂದೆ ಬರುತ್ತಿದ್ದರು. ಅಪ್ಪನಿಗೆ ಜ್ವರ ಬಂದ ದಿನ ಓಟವಿಲ್ಲ. ದೂರದ ಓಟಕ್ಕೆ ಹುಡುಗಿಯ ಜೊತೆ ಇಡೀ ಮನೆ ಎದ್ದಿರಬೇಕಾಗುತ್ತದೆ.

ಸಿದ್ದಾಪುರ ದಾರಿ:

ಆನೆಯ ವಿಷಯದಲ್ಲಿ ಯಾರೂ ಧೈರ್ಯ ತೋರಿಸಲು ಹೋಗಬೇಡಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಕಳುಹಿಸುತ್ತಾರೆ. ನಮ್ಮ ಕಡೆ ಮನೆಯಿಂದ ಹೊರಡುವ ಮೊದಲು ಅದನ್ನು ನೋಡುವುದು ರೂಢಿ. ಕಾಫಿ ಗಿಡಗಳ ನಡುವೆ ನಿಂತ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಬೆಳಕು ಪೂರ್ತಿ ಹರಿದ ಮೇಲೆ, ಏಳು ಗಂಟೆಗೆ ಓಡಲಿ. ಅಭ್ಯಾಸ ಒಂದೂವರೆ ಗಂಟೆ ತಡವಾದರೆ ಏನೂ ಆಗುವುದಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ತೋಟದ ದಾರಿಯಲ್ಲಿ ಓಡುವುದಂತೂ ಖಂಡಿತ ಬೇಡ.

ಹಾರಂಗಿ:

ಎಲ್ಲರೂ ಜೈಶಾ ಅವರ ದಾಖಲೆಯನ್ನು ಹೊಗಳುತ್ತಿದ್ದೀರಿ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅದೇ ಓಟಗಾರ್ತಿ 2:47:19ಕ್ಕೆ ಮುಗಿಸಿ ಗೆರೆಯ ಬಳಿ ಕುಸಿದು ಬಿದ್ದದ್ದನ್ನು ಏಕೆ ಯಾರೂ ಹೇಳುವುದಿಲ್ಲ? ದೇಶಕ್ಕಾಗಿ ಓಡಿದವಳಿಗೆ ನೀರು ಕೊಡುವವರಿರಲಿಲ್ಲ. ಇಂತಹ ವ್ಯವಸ್ಥೆಯ ಕೈಗೆ ಮಗಳನ್ನು ಒಪ್ಪಿಸಿ ಎಂದು ಹೇಗೆ ಹೇಳುತ್ತೀರಿ?

ಹಳೆಯ ಸೀಟಿ:

ಆ ವಿಷಯದಲ್ಲಿ ಎರಡು ಹೇಳಿಕೆಗಳಿವೆ, ಎರಡನ್ನೂ ಹೇಳಬೇಕು. ಓಟದ ದಾರಿಯಲ್ಲಿ ಇಟ್ಟಿದ್ದ ಭಾರತದ ಮೇಜುಗಳಲ್ಲಿ ತನಗಾಗಿ ನೀರು, ಪಾನೀಯ ಯಾವುದೂ ಇರಲಿಲ್ಲ ಎಂದು ಜೈಶಾ ಹೇಳಿದರು. ವಿಶೇಷ ಪಾನೀಯ ಬೇಕೇ ಎಂದು ಮೊದಲೇ ಕೇಳಲಾಗಿತ್ತು, ಬೇಡವೆಂದರು ಎಂದು ಅಥ್ಲೆಟಿಕ್ಸ್ ಫೆಡರೇಷನ್ ಹೇಳಿತು. ಹಿಂದಿನ ವರ್ಷಕ್ಕಿಂತ ಸುಮಾರು 13 ನಿಮಿಷ ಹೆಚ್ಚು ತೆಗೆದುಕೊಂಡರು ಎಂಬುದು ಮಾತ್ರ ಗಡಿಯಾರದ ಸಾಕ್ಷಿ.

ಹಾರಂಗಿ:

ಬೇಡವೆಂದರು ಎನ್ನುವುದು ಉತ್ತರವೇ, ಮೇಷ್ಟ್ರೇ? 42 ಕಿಲೋಮೀಟರ್ ಬಿಸಿಲಿನಲ್ಲಿ ಓಡುವವಳು ಬೇಡವೆಂದರೂ ಬಾಟಲಿ ಹಿಡಿದು ಒಬ್ಬರು ಅಲ್ಲಿ ನಿಂತಿರಬೇಕಿತ್ತು. ತೋಟದಮನೆಯ ಅಮ್ಮ ಶಾಲಾ ಮೈದಾನದಲ್ಲಿ 25 ಬೀಜ ಹಿಡಿದು ನಿಲ್ಲುತ್ತಾರೆ, ಅವರನ್ನು ಯಾರಾದರೂ ಬೇಕೇ ಬೇಡವೇ ಎಂದು ಕೇಳಿದ್ದರೇ?

ಹಳೆಯ ಸೀಟಿ:

ಈ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ನಿಂತಿರಬೇಕಿತ್ತು.

ಮೈಸೂರು ರೈಲು:

ಆದರೂ ರಿಯೋ ಎಂದರೆ ಅದೊಂದೇ ಅಲ್ಲ, ಹಾರಂಗಿಯವರೇ. ಅದೇ ಕೂಟದಲ್ಲಿ ಲಲಿತಾ ಬಾಬರ್ 3000 ಮೀಟರ್ ಸ್ಟೀಪಲ್‌ಚೇಸ್ ಹೀಟ್‌ನಲ್ಲಿ 9:19.76ಕ್ಕೆ ರಾಷ್ಟ್ರೀಯ ದಾಖಲೆ ಮಾಡಿ ಫೈನಲ್‌ಗೆ ಬಂದರು, ಅಲ್ಲಿ ಹತ್ತನೆಯವರಾದರು. ಬರಗಾಲದ ಸಾತಾರಾ ಜಿಲ್ಲೆಯ ಹಳ್ಳಿಯವರು. ಅದಕ್ಕೆ ಮೊದಲು ಮುಂಬೈ ಮ್ಯಾರಥಾನ್‌ನಲ್ಲಿ ಭಾರತೀಯ ಮಹಿಳೆಯರ ಪೈಕಿ ಸತತ ಮೂರು ವರ್ಷ ಮೊದಲಿಗರಾಗಿದ್ದರು. 42 ಕಿಲೋಮೀಟರ್ ಓಡುವವರು 3 ಕಿಲೋಮೀಟರಿಗೆ ಇಳಿದು, ಬೇಲಿ ಮತ್ತು ನೀರಿನ ಹೊಂಡ ಹಾರುವುದನ್ನು ಕಲಿತರು. ಜೈಶಾ ಹೋದದ್ದು ಅದಕ್ಕೆ ಎದುರು ದಿಕ್ಕಿನಲ್ಲಿ, ಟ್ರ್ಯಾಕ್‌ನಿಂದ ಮ್ಯಾರಥಾನ್‌ಗೆ. ಆದ್ದರಿಂದ 17ರ ಹುಡುಗಿ ತನ್ನ ಓಟ ಯಾವುದು ಎಂದು ಈಗಲೇ ಆರಿಸಿಕೊಳ್ಳಬೇಕಾಗಿಲ್ಲ, ಅಕ್ಕ. ಇನ್ನು ಮೂರು ನಾಲ್ಕು ವರ್ಷ 1500, 3000, 5000 ಎಲ್ಲವನ್ನೂ ಓಡಲಿ. ಮ್ಯಾರಥಾನ್ ಮಾತ್ರ ಈಗ ಬೇಡ.

ಗಾಳಿಬೀಡು:

ದೊಡ್ಡವರ ಮಾತನ್ನು ಸುಮ್ಮನೆ ತಳ್ಳಿಹಾಕಬೇಡಿ. ಹೆಣ್ಣುಮಕ್ಕಳ ದೇಹ ಇಷ್ಟು ದೂರ ಓಡುವುದಕ್ಕೆ ಆದದ್ದಲ್ಲ, ಗರ್ಭಕ್ಕೆ ಪೆಟ್ಟು ಎಂದು ಹಿಂದಿನವರು ಹೇಳುತ್ತಿದ್ದುದಕ್ಕೆ ಏನಾದರೂ ಕಾರಣ ಇದ್ದೇ ಇರುತ್ತದೆ.

ಕುಶಾಲನಗರ ಶುಶ್ರೂಷಕಿ:

ಆ ಮಾತು ನಮ್ಮ ಹಿರಿಯರದಷ್ಟೇ ಅಲ್ಲ, ಒಂದು ಕಾಲಕ್ಕೆ ಒಲಿಂಪಿಕ್ಸ್ ನಡೆಸುವವರದ್ದೂ ಆಗಿತ್ತು. 1928ರ ಆ್ಯಮ್‌ಸ್ಟರ್‌ಡ್ಯಾಮ್ ಕೂಟದಲ್ಲಿ ಮಹಿಳೆಯರು ಮೊದಲ ಬಾರಿಗೆ 800 ಮೀಟರ್ ಓಡಿದರು. ಓಡಿದವರು ದಣಿದು ನೆಲಕ್ಕೆ ಕೂತದ್ದನ್ನೇ ಪತ್ರಿಕೆಗಳು ದೊಡ್ಡದು ಮಾಡಿದವು, ಎಲ್ಲರೂ ಓಟ ಮುಗಿಸಿದ್ದರೂ ಅರ್ಧದಲ್ಲೇ ಬಿದ್ದರೆಂದು ಬರೆದವು. ಆ ಓಟವನ್ನೇ ತೆಗೆದುಹಾಕಿದರು, ಅದು ಮರಳಿ ಬಂದದ್ದು 1960ರಲ್ಲಿ. 1500 ಮೀಟರ್ ಬಂದದ್ದು 1972ರಲ್ಲಿ, ಮ್ಯಾರಥಾನ್ 1984ರಲ್ಲಿ, 10,000 ಮೀಟರ್ 1988ರಲ್ಲಿ. ಅಷ್ಟು ದಿನ ಹೆದರಿಸಿದ್ದಕ್ಕೆ ಆಧಾರ ಇರಲೇ ಇಲ್ಲ. ಡೆರಾರ್ಟು ಟುಲು 1992ರಲ್ಲಿ 10,000 ಮೀಟರ್ ಒಲಿಂಪಿಕ್ ಚಿನ್ನ ಗೆದ್ದು, ಆಮೇಲೆ ತಾಯಿಯಾಗಿ, 2000ದಲ್ಲಿ ಮತ್ತೆ ಅದೇ ಓಟದ ಚಿನ್ನ ಗೆದ್ದರು. ಪೌಲಾ ರ್‍ಯಾಡ್‌ಕ್ಲಿಫ್ ಹೆರಿಗೆಯಾದ ಹತ್ತು ತಿಂಗಳಿಗೆ 2007ರ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು.

ಓಟದಿಂದ ಗರ್ಭಕೋಶ ಜಾರುವುದಿಲ್ಲ. ಅಪಾಯವಿರುವುದು ಹಸಿದು ಓಡುವುದರಲ್ಲಿ, ಮೈಸೂರಿನ ಅಕ್ಕ ಬರೆದಂತೆ. ತೋಟದಮನೆಯ ಅಜ್ಜಿಯ ಭಯವನ್ನು ಹಗುರವಾಗಿ ಕಾಣಬೇಡಿ. ಅವರನ್ನೇ ಕೂರಿಸಿಕೊಂಡು, ಮೊಮ್ಮಗಳ ತಟ್ಟೆಯ ಜವಾಬ್ದಾರಿ ನಿಮ್ಮದು ಎಂದು ಹೇಳಿ.

ಗಾಳಿಬೀಡು:

ಈ ಇತಿಹಾಸ ನನಗೆ ತಿಳಿದಿರಲಿಲ್ಲ. ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ, ಆದರೆ ವೈದ್ಯರ ಸಲಹೆ ಇರಲಿ ಎನ್ನುವುದನ್ನು ಮಾತ್ರ ಬಿಡುವುದಿಲ್ಲ.

ತೋಟದಮನೆ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮೈಸೂರಿನ ತಂಗಿಯ ಪತ್ರವನ್ನು ಮಗಳಿಗೆ ಓದಲು ಕೊಟ್ಟು ಅಡುಗೆಮನೆಗೆ ಹೋದೆ. ಅವಳು ಸ್ವಲ್ಪ ಹೊತ್ತಿನ ಮೇಲೆ ಬಂದು ಬಾಗಿಲಿಗೆ ಒರಗಿ ನಿಂತು, ತನಗೂ ಮೂರು ತಿಂಗಳಿಂದ ಆಗಿಲ್ಲ ಎಂದಳು. ರಾಜ್ಯ ಮಟ್ಟದ ಕೂಟಕ್ಕೆ ಮೊದಲು ತೂಕ ಇಳಿಸಬೇಕೆಂದು ತಾನೇ ರಾತ್ರಿ ಊಟ ಬಿಡುತ್ತಿದ್ದಳಂತೆ. ಓದುವ ಕೋಣೆಗೆ ತೆಗೆದುಕೊಂಡು ಹೋದ ರೊಟ್ಟಿ ನಾಯಿಗೆ ಹೋಗುತ್ತಿತ್ತು. ದಿನಾ ಅವಳ ಸುತ್ತು ಎಣಿಸುವ ನನಗೆ ಇದು ಕಾಣಲಿಲ್ಲ.

ಇಂದು ವೈದ್ಯರ ಬಳಿ ಹೋಗಿ ಬಂದೆವು. ಹಿಮೋಗ್ಲೋಬಿನ್ ತಕ್ಕಮಟ್ಟಿಗಿದೆ, ಫೆರಿಟಿನ್ ಬಹಳ ಕಡಿಮೆ ಇದೆ ಎಂದರು. ಆರು ವಾರ ಓಟ ಬೇಡ, ನಡೆಯಬಹುದು, ಚೆನ್ನಾಗಿ ಊಟ ಮಾಡಲಿ ಎಂದಿದ್ದಾರೆ. ಅವಳು ಆಸ್ಪತ್ರೆಯ ಮೆಟ್ಟಿಲಲ್ಲೇ ಅತ್ತಳು. ಅತ್ತೆಯವರಿಗೆ ವಿಷಯ ತಿಳಿಸಿದೆ. ಅವರು ಏನೂ ಮಾತಾಡದೆ ಒಳಗೆ ಹೋಗಿ ಎಳ್ಳು, ಬೆಲ್ಲ ತೆಗೆದು ಕುಟ್ಟಲು ಕೂತರು. ಮಗಳ ತಿಂಡಿಯ ಜೊತೆಗಿನ ಕಾಫಿಯನ್ನೂ ಅವರೇ ನಿಲ್ಲಿಸಿದ್ದಾರೆ.

ಅವಳ ದೊಡ್ಡಪ್ಪನಿಗೆ ನಾನೇ ಹೇಳಿದೆ: ಈಗ ಆರು ವಾರ ನಿಲ್ಲಿಸುತ್ತೇವೆ, ಪರೀಕ್ಷೆಗೂ ಓದುತ್ತಾಳೆ, ಆದರೆ ಓಟ ಬಿಡುವುದಿಲ್ಲ. ಆಳ್ವಾಸ್‌ನ ಆಯ್ಕೆ ಹೇಗೆ ನಡೆಯುತ್ತದೆ ಎಂದು ವಿಚಾರಿಸಲು ಅವರೇ ಒಪ್ಪಿದ್ದಾರೆ. ಮೇಷ್ಟ್ರೇ, ತಾವು ಎಲ್ಲಿರುತ್ತೀರಿ? ಆರು ವಾರದ ಮೇಲೆ ಹೇಗೆ ಶುರು ಮಾಡಬೇಕೆಂದು ಒಮ್ಮೆ ಅವಳನ್ನು ನೋಡಿ ಹೇಳುವಿರಾ?

ಮೈಸೂರು ರೈಲು:

ಅಕ್ಕ, ಅವಳು ತಾನಾಗಿ ಬಂದು ಹೇಳಿದಳಲ್ಲ, ನಾನು ಆ ವಯಸ್ಸಿನಲ್ಲಿ ಮನೆಯಲ್ಲಿ ಹೇಳಲಿಲ್ಲ. ನಿಮಗೆ ಕಾಣಲಿಲ್ಲವೆಂದು ನೊಂದುಕೊಳ್ಳಬೇಡಿ, ನನ್ನ ಅವ್ವನಿಗೂ ಕಾಣದಂತೆ ಮುಚ್ಚಿಟ್ಟಿದ್ದೆ. ಅವಳಿಗೆ ನನ್ನೊಡನೆ ಮಾತಾಡಬೇಕೆನಿಸಿದರೆ ಇಲ್ಲಿಯೇ ಖಾಸಗಿ ಸಂದೇಶ ಕಳುಹಿಸಲಿ. ರಾತ್ರಿ ಎಂಟರ ಮೇಲೆ ಬಿಡುವಾಗಿರುತ್ತೇನೆ.

ಪೊನ್ನಂಪೇಟೆ ಬೆಳೆಗಾರ:

ನಮ್ಮ ಮನೆಯಲ್ಲಿ ನಾಟಿ ಕೋಳಿ ಮೊಟ್ಟೆ ಇದೆ, ತಂಗಿ. ಪೊನ್ನಂಪೇಟೆ ಸಂತೆಗೆ ಬಂದಾಗ ತೆಗೆದುಕೊಂಡು ಹೋಗಿ.

ಹಳೆಯ ಸೀಟಿ:

ನಾನು ಕುಶಾಲನಗರದಲ್ಲಿದ್ದೇನೆ, ಅಮ್ಮ. ಆರು ವಾರ ಮುಗಿದ ಮೇಲೆ ವೈದ್ಯರ ಒಪ್ಪಿಗೆ ಪಡೆದು ಕರೆದುಕೊಂಡು ಬನ್ನಿ. ಮೊದಲ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಅಷ್ಟರಿಂದ ಶುರು ಮಾಡೋಣ. ಅವಳ ಸಮಯ ಬರೆದಿಟ್ಟ ಪುಸ್ತಕ ತನ್ನಿ, ಹಳೆಯ ಶೂಗಳನ್ನು ಎಸೆದಿರದಿದ್ದರೆ ಅವನ್ನೂ ತನ್ನಿ, ಅಟ್ಟೆ ಯಾವ ಬದಿಗೆ ಸವೆದಿದೆ ಎಂದು ನೋಡಬೇಕು.